ಕೋತಿ ಬಾರದ ಜಾಗ

ಅವರ ಕೋಲಿನ ಒಂದು ತುದಿಯಲ್ಲಿ ಹಲ್ಲಿನ ಗುರುತುಗಳಿದ್ದವು. ಮೊಳದುದ್ದದ, ಹೆಬ್ಬೆರಳು ದಪ್ಪದ ತೇಗದ ಕೋಲು. ಕೈ ತಾಗಿ ತಾಗಿ ನುಣುಪಾಗಿ ಕಪ್ಪಾಗಿತ್ತು. ಆ ತುದಿಯಲ್ಲಿ ಮಾತ್ರ ಮೇಲೆ ನಾಲ್ಕು, ಕೆಳಗೆ ನಾಲ್ಕು ತಗ್ಗುಗಳು. ನಾಲ್ಕೋ ಮೂರೋ, ಈಗ ಖಚಿತವಿಲ್ಲ. ಎಣಿಸಿದ್ದೇನೆ ಎಂದು ನನ್ನ ನೆನಪು ಹೇಳುತ್ತದೆ. ಆದರೆ ಎಣಿಸದೇ ಇದ್ದದ್ದನ್ನೂ ಎಣಿಸಿದೆ ಎಂದು ಸಾಧಿಸುವ ನೆನಪು ನನ್ನದು.

ಅವರು ಕಂಪ್ಲಿಯ ರೈಸ್ ಮಿಲ್ಲುಗಳಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಫಿಟ್ಟರ್ ಆಗಿದ್ದವರು. ಯಂತ್ರ ಓಡುತ್ತಿರುವಾಗಲೇ ಅದರ ಮೈಗೆ ಕೋಲಿನ ಒಂದು ತುದಿ ಒತ್ತಿ, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಒಳಗೆ ಯಾವ ಬೇರಿಂಗ್ ಸವೆದಿದೆ, ಯಾವ ನಟ್ಟು ಸಡಿಲಾಗಿದೆ ಎಂಬುದು ಹಲ್ಲಿನಿಂದ ತಲೆಗೆ ಏರಿ ಬರುತ್ತಿತ್ತು. ಮೊದಲು ಎಲ್ಲ ಫಿಟ್ಟರುಗಳಂತೆ ಉದ್ದನೆಯ ಸ್ಕ್ರೂ ಡ್ರೈವರನ್ನು ಕಿವಿಗೆ ಒತ್ತಿಕೊಂಡೇ ಕೇಳುತ್ತಿದ್ದರಂತೆ. ಮಿಲ್ಲಿನ ಸದ್ದಿಗೆ ಎಡಗಿವಿ ಪೂರ್ತಿ ಹೋಗಿ, ಬಲಗಿವಿ ಅರ್ಧ ಉಳಿದ ಮೇಲೆ ಈ ಕೋಲು ಬಂತು. ನಮ್ಮ ಓಣಿಯವರಿಗೆ ಅವರು ಫಿಟ್ಟರ್ ತಾತ. ನಾನೂ ಹಾಗೇ ಕರೆದೆ.

ಹೊಸಪೇಟೆಯಿಂದ ಮರಿಯಮ್ಮನಹಳ್ಳಿಗೆ ಹೋಗುವ ಹೆದ್ದಾರಿ ಬಿಟ್ಟು ತುಸು ಒಳಗಿರುವ ಊರು ನಮ್ಮದು. ಅದಿರು ಲಾರಿಗಳ ಆರ್ಭಟ ಹೆದ್ದಾರಿಯಲ್ಲೇ ಉಳಿಯುತ್ತದೆ. ಕೆಂಪು ಧೂಳು ಮಾತ್ರ ಗಾಳಿ ಬೀಸಿದ ದಿನ ಬಂದು ಕಿಟಕಿ ಮೇಲೆ ಕೂರುತ್ತದೆ. ತಾತ ಈ ಊರಿನಲ್ಲಿ ಮನೆ ಕಟ್ಟಿಸಿದ್ದು ಎರಡು ಕಾರಣಕ್ಕೆ. ಮಗಳನ್ನು ಇಲ್ಲಿಗೆ ಕೊಟ್ಟಿದ್ದರು. ಅವಳ ಮನೆ ಎರಡು ಓಣಿ ಆಚೆ. ಇನ್ನೊಂದು, ಇಲ್ಲಿ ಸದ್ದಿಲ್ಲ.

ನಾನು ಪಕ್ಕದ ಮನೆಗೆ ಬಾಡಿಗೆಗೆ ಬಂದ ದಿನ ಕಟ್ಟೆಯ ಮೇಲೆ ಕೂತಿದ್ದ ಅವರನ್ನು, "ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರ್ತದ ತಾತ?" ಎಂದು ಕೇಳಿದ್ದೆ.

"ಹೌದ್ಹೌದು" ಎಂದರು, ಬಹಳ ಗೌರವದಿಂದ.

ಒಳಗಿನಿಂದ ಅವರ ಹೆಂಡತಿ ಬಂದರು. ಓಣಿಗೆಲ್ಲ ಅವ್ವ. ಗಂಟಲಿನ ಆಪರೇಷನ್ ಆದಮೇಲೆ ಅವರ ದನಿ ಪಿಸುಮಾತಿಗಿಂತ ತುಸು ಹೆಚ್ಚು, ಅಷ್ಟೇ. "ಅವರಿಗೆ ಕೇಳ್ಸಿಲ್ಲಂದ್ರ ಹೌದು ಅಂತಾರಪ್ಪ. ಕೇಳ್ಸಿತಂದ್ರ ಇಲ್ಲ ಅಂತಾರ. ನೋಡಿ ಕೇಳು" ಎಂದರು.

ಆಮೇಲೆ ಪರೀಕ್ಷಿಸಿದ್ದೇನೆ. ನಿಜ. ತಾತನಿಗೆ ಮಾತು ಕೇಳಿಸಿತು ಎಂಬುದಕ್ಕೆ ಒಂದೇ ಸಾಕ್ಷಿ, ಅವರು ತಕರಾರು ತೆಗೆಯುವುದು.

ಅವ್ವನ ಮಾತು ಅವರಿಗೆ ಕೇಳುತ್ತಿದ್ದುದು ಸಂಜೆ ಹೊತ್ತು ಮಾತ್ರ. ದನ ಮನೆಗೆ ಬಂದು, ಎದುರಿನ ಹಿಟ್ಟಿನ ಗಿರಣಿ ನಿಂತ ಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂರುತ್ತಿದ್ದರು. ಅವ್ವ ಯಾವಾಗಲೂ ಬಲಗಡೆ. ಅವರು ಏನೋ ಹೇಳುವುದು, ತಾತ "ಇಲ್ಲ ಇಲ್ಲ, ಆಕಿ ಎರಡನೇ ಮಗಳು" ಎಂದು ತಿದ್ದುವುದು. ಮಿಲ್ಲಿನ ಕ್ವಾರ್ಟರ್ಸಿನಲ್ಲಿದ್ದಷ್ಟು ವರ್ಷ ಗಂಡ ಹೆಂಡತಿ ಕೂಗಿಕೊಂಡೇ ಸಂಸಾರ ಮಾಡಿದವರು. "ನನ್ನ ಪಾಲಿನ ದನಿ ಎಲ್ಲಾ ಅಲ್ಲೇ ಖರ್ಚಾತು. ಉಳದದ್ರಾಗ ಈಗ ಹಿತ್ತಲಿಗೂ ಕೇಳಲ್ಲ" ಎಂದು ಅವ್ವ ನಗುತ್ತಿದ್ದರು.

ನಾನು ಹೊಸಪೇಟೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ಕೋಲಿನ ವಿದ್ಯೆಯನ್ನು ಸುಮ್ಮನೆ ನಂಬಲು ಮನಸ್ಸಾಗಲಿಲ್ಲ. ನಮ್ಮ ಮನೆಯ ನೀರೆತ್ತುವ ಮೋಟಾರು ಗೊರಗುಟ್ಟಿದಾಗ ತಾತ ಬಂದು, ಕೋಲು ಕಚ್ಚಿ, "ಹಿಂದಿನ ಬೇರಿಂಗ್ ಹೋಗೈತಿ" ಎಂದರು. ಬಿಚ್ಚಿಸಿದೆ. ಹಿಂದಿನದೇ ಹೋಗಿತ್ತು.

"ಇರೋದೇ ಎರಡು ಬೇರಿಂಗ್ ತಾತ. ಕಣ್ಣು ಮುಚ್ಚಿ ಹೇಳಿದರೂ ಅರ್ಧ ಸರಿ ಆಗ್ತದ" ಎಂದು ಅವರ ಬಲಗಿವಿಯಲ್ಲಿ ಹೇಳಿದೆ.

"ಇಲ್ಲ" ಎಂದರು. ಕೇಳಿಸಿತ್ತು. "ಅರ್ಧ ಸರಿ ಅಂದ್ರ ಅರ್ಧ ತಪ್ಪು. ಅರ್ಧ ತಪ್ಪು ಮಾಡೋ ಫಿಟ್ಟರ್‌ನ ಕಂಪ್ಲ್ಯಾಗ ಯಾರೂ ಒಳಗ ಬಿಟ್ಕಣಲ್ಲ, ಲೆಕ್ಚರರ."

ಇನ್ನೊಮ್ಮೆ ನನ್ನ ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ತೋರಿಸಿದೆ. ಮುಳ್ಳು ಕುಣಿಯುವುದನ್ನು ಮಗುವಿನ ಹಾಗೆ ನೋಡಿ, ಫೋನನ್ನು ಹಿಂದೆ ಮುಂದೆ ತಿರುಗಿಸಿ, "ಇದರ ಹಲ್ಲು ಎಲ್ಲೈತಿ?" ಎಂದರು.

ವಿಮಾನ ನಿಲ್ದಾಣದ ಸುದ್ದಿ ಬಂದದ್ದು ಒಂದು ಬೇಸಿಗೆಯಲ್ಲಿ. ಊರ ಹಿಂದಿನ ಬಯಲಿನಲ್ಲಿ ಕಲ್ಲು ನೆಟ್ಟು ಕೆಂಪು ಬಣ್ಣ ಬಳಿದು ಹೋದರು. ಊರು ಎರಡು ಭಾಗವಾಯಿತು. ಹಂಪಿ ನೋಡಲು ಬರುವವರೆಲ್ಲ ನಮ್ಮೂರಿನಲ್ಲೇ ಇಳಿಯುತ್ತಾರೆ, ಹೋಟೆಲ್ ಹಾಕಬಹುದು ಎಂದು ಕೆಲವರು. ಹೊಗೆ, ಧೂಳು, ಕಿವಿ ಹರಿಯುವ ಸದ್ದು, ಕೊಳವೆ ಬಾವಿಗಳ ಗತಿ ಏನು ಎಂದು ಇನ್ನು ಕೆಲವರು. ನಾನು ಎರಡನೆಯ ಗುಂಪಿನವನು. ಆಕ್ಷೇಪಣೆ ಅರ್ಜಿ ಬರೆಯುವ ಕೆಲಸ ನನಗೇ ಬಂತು. ಎಂಟು ಪುಟ ಬರೆದೆ. ಅದರಲ್ಲಿ ಜಲಾಶಯದ ಹಕ್ಕಿಗಳಿದ್ದವು, ಇಂಧನದ ಹೊಗೆ ಇತ್ತು, ಅದಿರಿನ ಧೂಳಿನ ಮೇಲೆ ಇನ್ನಷ್ಟು ಧೂಳು ಬೀಳುವ ವಿವರ ಇತ್ತು. ಎಂಟು ಪುಟವನ್ನೂ ತಾತನ ಕಿವಿಯಲ್ಲಿ ಓದಿದೆ.

"ಎಲ್ಲಾ ಇರ್ಲಿ" ಎಂದರು. "ಇಮಾನ ಬ್ಯಾಡ ಅಂತ ನಾ ಅನ್ನಲ್ಲ. ಹಾರ್ಲಿ. ಆದ್ರ ನಂದೂ ಒಂದು ಸಾಲು ಕೊನಿಗೆ ಹಾಕ್ರಿ. ನನಗ ಮನಿಯಾಗಿನ ಮಾತು ಕೇಳ್ಬೇಕು."

ಆ ಹೊತ್ತಿಗೆ ಗಿರಣಿ ಅಕ್ಕ ಅಲ್ಲಿದ್ದರು. ಎದುರಿನ ಗಿರಣಿ ನಡೆಸುವ ಹೆಂಗಸು. ಹುಬ್ಬಿನವರೆಗೂ ಹಿಟ್ಟು, ಬಾಯಿ ತುಂಬ ಮಾತು. "ಏ ತಾತ, ಹೆಂಡ್ತಿ ಮಾತು ಕಿವಿಗೆ ಬೀಳದಂಗ ಮಾಡಪ್ಪ ಅಂತ ಊರ ಗಂಡಸ್ರೆಲ್ಲಾ ಹರಕಿ ಹೊರ್ತಾರ. ನೀನೊಬ್ಬ ಕೇಳ್ಬೇಕು ಅಂತ ಸರ್ಕಾರಕ್ಕ ಅರ್ಜಿ ಹಾಕಕತ್ತೀ ನೋಡು!"

"ಹೌದ್ಹೌದು" ಎಂದರು ತಾತ.

ನಾನು ಆ ಸಾಲು ಹಾಕಿದೆ. ಆದರೆ ಹಕ್ಕಿಗಳ ಎದುರು ಅದು ಸಣ್ಣದಾಗಿ ಕಂಡು ಮುಜುಗರಪಟ್ಟೆ ಎಂಬುದನ್ನು ಮರೆತಿಲ್ಲ. ಇಂಥವೆಲ್ಲ ಚೆನ್ನಾಗಿ ನೆನಪಿರುತ್ತವೆ.

ಅಹವಾಲು ಸಭೆಗೆ ಮೊದಲು ಪರಿಸರ ವರದಿಯ ಕನ್ನಡ ಸಾರಾಂಶವನ್ನು ಪಂಚಾಯಿತಿಯಲ್ಲಿ ಇಟ್ಟರು. ನಾನು ಅದನ್ನು ಮೂರು ಸಲ ಓದಿದೆ. ನಮ್ಮ ಊರಿನಲ್ಲಿ ಹಗಲಿನ ಸದ್ದು ಈಗಾಗಲೇ ಹೆಚ್ಚಿದೆ, ಆದ್ದರಿಂದ ವಿಮಾನಗಳಿಂದ ದೊಡ್ಡ ವ್ಯತ್ಯಾಸವೇನೂ ಆಗದು ಎಂದು ಅದರಲ್ಲಿತ್ತು. ಸುಳ್ಳು ಎಂದು ಗೊತ್ತು. ಎಲ್ಲಿ ಸುಳ್ಳು ಎಂದು ಹುಡುಕಿ ಸಾಕಾಯಿತು. ಲೆಕ್ಕ ಸರಿ ಇತ್ತು, ಉಪಕರಣ ಸರಿ ಇತ್ತು. ಸಭೆಯ ಹಿಂದಿನ ಸಂಜೆ ಕಟ್ಟೆಯ ಮೇಲೆ ಕೂತು ಆ ಪಟ್ಟಿಯನ್ನು ತಾತನ ಬಲಗಿವಿಯಲ್ಲಿ ಸಾಲು ಸಾಲಾಗಿ ಓದುತ್ತಿದ್ದೆ. ಉಪಕರಣ ಇಟ್ಟ ಸ್ಥಳ ಎಂಬ ಅಂಕಣದಲ್ಲಿ, "ಗಿರಣಿ ಕಟ್ಟಡದ ಮೇಲ್ಛಾವಣಿ" ಎಂದಿತ್ತು. ನಾನು ಅದನ್ನೂ ಓದಿ ಮುಂದೆ ಹೋದೆ. ಭೌತಶಾಸ್ತ್ರದ ಮೇಷ್ಟರು ಮುಂದೆ ಹೋದರು.

ತಾತ ನನ್ನ ಮಣಿಕಟ್ಟು ಹಿಡಿದರು. "ಹಿಂದ ಹೋಗ್ರಿ. ಏನಂದ್ರಿ?"

ಮತ್ತೆ ಓದಿದೆ. ಅವರು ಎದ್ದು ನಿಂತರು. ಮತ್ತೆ ಕೂತರು.

ನಮ್ಮ ಊರಿನಲ್ಲಿ ಕೋತಿಗಳ ಕಾಟ ಬಹಳ. ಹಂಚು ಕಿತ್ತು ಹಾಕುತ್ತವೆ, ಒಣಗಿಸಿದ ಹಪ್ಪಳ ಸಂಡಿಗೆ ಒಂದನ್ನೂ ಬಿಡುವುದಿಲ್ಲ. ಹಾಗಾಗಿ ಓಣಿಯ ಹೆಂಗಸರೆಲ್ಲ ಸಂಡಿಗೆ, ಮೆಣಸಿನಕಾಯಿ ಒಣಗಿಸುವುದು ಗಿರಣಿಯ ಮಾಳಿಗೆಯ ಮೇಲೆ. ಅಲ್ಲಿಗೆ ಕೋತಿ ಬರುವುದಿಲ್ಲ. ಊರಿಗೆಲ್ಲ ಗೊತ್ತಿರುವ ಸಂಗತಿ ಇದು. ಬೇಸಿಗೆಯ ಒಂದು ದಿನ ಸದ್ದು ಅಳೆಯುವ ಕಂಪನಿಯವನೊಬ್ಬ ಮೂರು ಕಾಲಿನ ಉಪಕರಣ ಹೊತ್ತು ಬಿಸಿಲಿನಲ್ಲಿ ಬಂದಿದ್ದನಂತೆ. ಒಂದು ಹಗಲು ಒಂದು ರಾತ್ರಿ ಇಡಬೇಕು, ಭದ್ರವಾದ ಜಾಗ ಬೇಕು ಎಂದನಂತೆ. ಕಟ್ಟೆಯ ಮೇಲಿದ್ದ ತಾತ ಅವನನ್ನು ಕೂರಿಸಿ ಚಹಾ ಕುಡಿಸಿದರು, ಮಂಡಕ್ಕಿ ಮೆಣಸಿನಕಾಯಿ ತರಿಸಿ ತಿನ್ನಿಸಿದರು. ಯಂತ್ರ ಎಂದರೆ ಅವರಿಗೆ ನೆಂಟರು ಬಂದ ಹಾಗೆ. ಅದು ಯಾವ ಯಂತ್ರ ಎಂದು ಇವರು ಕೇಳಿದರೂ ಅವನ ಉತ್ತರ ಇವರಿಗೆ ಮುಟ್ಟಲಿಲ್ಲ. ಆಮೇಲೆ ತಾವೇ ಕರೆದುಕೊಂಡು ಹೋಗಿ ಗಿರಣಿ ಮೇಲೆ ಇಡಿಸಿದರು. ಕರೆಂಟು ಇದೆ, ಬಾಗಿಲಿಗೆ ಬೀಗ ಇದೆ, ಕೋತಿ ಬರುವುದಿಲ್ಲ. ಖಾರದಪುಡಿ ಬೀಸುವ ಕಾಲ ಅದು. ಗಿರಣಿ ಬೆಳಗಿನಿಂದ ಸಂಜೆತನಕ ಓಡುತ್ತಿತ್ತು.

"ಆಗ ನಿಮಗೆ ಹೊಳೀಲಿಲ್ಲೇನು?" ಎಂದೆ.

"ಮೂವತ್ತು ವರ್ಷ ಮಿಲ್ಲಿನಾಗ ಇದ್ದವಗ ಗಿರಣಿ ಸದ್ದು ಸದ್ದಲ್ಲರಿ. ಅದು ಇಲ್ಲಂದ್ರ ಏನೋ ಕೆಟ್ಟೈತಿ ಅಂತ ಗಾಬರಿ ಆಕ್ಕೈತಿ."

ನನಗೆ ಹುರುಪು ಬಂತು. ನಾಳೆ ಇದನ್ನೇ ಹಿಡಿಯೋಣ, ಕಂಪನಿಯವರು ಬೇಕಂತಲೇ ಗಿರಣಿ ಮೇಲೆ ಇಟ್ಟರು ಎಂದು ನಾನು ಹೇಳುತ್ತೇನೆ, ನೀವು ತೋರಿಸಿದ್ದು ಯಾರಿಗೂ ಗೊತ್ತಿಲ್ಲ, ಸುಮ್ಮನಿರಿ ಎಂದೆ. ಈ ಮಾತನ್ನು ನಾನು ಆಡಿದೆನೋ ಆಡಬೇಕೆಂದುಕೊಂಡೆನೋ ಎಂದು ಅನುಮಾನಪಡಲು ನನಗೆ ತುಂಬಾ ಇಷ್ಟ. ಆದರೆ ತಾತನ ಉತ್ತರ ನೆನಪಿದೆ. ಉತ್ತರ ಇದ್ದಮೇಲೆ ನಾನು ಆಡಿರಲೇಬೇಕು.

"ಇಲ್ಲ" ಎಂದರು. "ಬೇರಿಂಗ್ ಹೋದದ್ದು ಒಂದು ಕಡಿ, ಎಣ್ಣಿ ಬಿಡೋದು ಇನ್ನೊಂದು ಕಡಿ ಆಕ್ಕೈತಿ ಲೆಕ್ಚರರ."

ಆಮೇಲೆ ಬಹಳ ಹೊತ್ತು ಕೋಲನ್ನು ತೊಡೆಯ ಮೇಲೆ ಉರುಳಿಸುತ್ತಾ ಕೂತರು. ಆ ಮನುಷ್ಯನಿಗೆ ಇದ್ದ ಒಂದೇ ಹೆಮ್ಮೆ ಎಂದರೆ ಸದ್ದಿನ ವಿಷಯದಲ್ಲಿ ತಾನು ತಪ್ಪುವುದಿಲ್ಲ ಎಂಬುದು. ನಾಳೆ ಊರೆಲ್ಲ ಸೇರಿದ ಕಡೆ, ಊರು ಹಾಳಾಗಲು ಕಾರಣ ನಾನೇ ಎಂದು ನಿಂತು ಹೇಳಬೇಕು. "ನಗ್ತಾರ" ಎಂದರು, ಯಾರಿಗೂ ಅಲ್ಲದಂತೆ.

ನನಗೆ ಜಾಗ ಬಿಟ್ಟು ಸರಿದು ಕೂತಿದ್ದ ಅವ್ವ ಬಲಗಡೆಯಿಂದ ಬಾಗಿದರು. ಗಿರಣಿ ನಿಂತಿತ್ತು. ಅವರ ಪಿಸುಮಾತು ನನಗೂ ಕೇಳಿಸಿತು.

"ಹೇಳ್ರಿ. ನಗ್ಲಿ. ನಕ್ಕರ ನಿಮಗೇನು ಕೇಳ್ತೈತಿ?"

ತಾತ ಅವರ ಕಡೆ ತಿರುಗಿ ನೋಡಿದರು. "ಇಲ್ಲ" ಎಂದರು. ಮತ್ತೆ ನಗು ತಡೆಯಲಾಗದೆ ಕೆಮ್ಮಿದರು.

ಸಭೆ ಶಾಲೆಯ ಮೈದಾನದ ಶಾಮಿಯಾನದ ಕೆಳಗೆ. ವೇದಿಕೆಯ ಮೇಲೆ ಅಧಿಕಾರಿಗಳು, ನಡುವೆ ಅಧ್ಯಕ್ಷತೆ ವಹಿಸಿದ್ದ ಹಿರಿಯ ಅಧಿಕಾರಿ, ಕನ್ನಡಕ ಹಾಕಿದ ಹೆಂಗಸು. ವರದಿ ಮಾಡಿದವರು ಪರದೆಯ ಮೇಲೆ ಚಿತ್ರ ತೋರಿಸುತ್ತಾ, "ಈ ಗ್ರಾಮದಲ್ಲಿ ಶಬ್ದದ ಮಟ್ಟ ಈಗಾಗಲೇ ಹೆಚ್ಚಿದ್ದು, ಯೋಜನೆಯಿಂದಾಗುವ ಹೆಚ್ಚಳ ಗಣನೀಯವಲ್ಲ" ಎಂದರು. ನಾನು ಅದನ್ನು ತಾತನ ಕಿವಿಯಲ್ಲಿ ಹೇಳಿದೆ.

"ಇಲ್ಲ!"

ಅರ್ಧ ಕಿವುಡರಿಗೆ ತಮ್ಮ ದನಿಯ ಅಳತೆ ಗೊತ್ತಿರುವುದಿಲ್ಲ. ಶಾಮಿಯಾನವೆಲ್ಲ ತಿರುಗಿತು.

"ಯಾರದು? ಮೈಕ್ ಕೊಡ್ರಿ ಅವರಿಗೆ" ಎಂದರು ಅಧಿಕಾರಿ. "ಹೇಳ್ರಿ ತಾತ, ಏನು ನಿಮ್ಮ ಆಕ್ಷೇಪಣೆ?"

"ಆಕ್ಷೇಪಣಿ ಅಲ್ಲರಿ. ತಪ್ಪೊಪ್ಪಿಗಿ. ಆ ಮಿಷಿನ್ ಇಡ್ಸಿದವ ನಾನು. ಗಿರಣಿ ಮ್ಯಾಲ ಇಡ್ಸೀನಿ."

ಅಧಿಕಾರಿ ಮುಂದಿನ ಪ್ರಶ್ನೆ ಕೇಳಿದರು. ನಾನು ಅದನ್ನು ಬಲಗಿವಿಗೆ ದಾಟಿಸಿದೆ. "ಗಿರಣಿ ಮೇಲೆ ಯಾಕೆ ಅಂತ ಕೇಳ್ತಾರೆ."

"ಅಲ್ಲಿ ಕೋತಿ ಬರಲ್ಲರಿ."

ಜನ ನಕ್ಕರು. ಹಿಂದಿನ ಸಾಲಿನಿಂದ ಯಾರೋ ಸೀಟಿ ಹೊಡೆದರು. ಅಧಿಕಾರಿಯೂ ನಗುತ್ತಲೇ, "ಅಲ್ಲಿ ಯಾಕ್ರೀ ಬರಲ್ಲ ಕೋತಿ?" ಎಂದರು.

"ಸದ್ದಿಗೆ" ಎಂದರು ತಾತ.

ನಗು ನಡುವೆಯೇ ಕಡಿದುಹೋಯಿತು. ಅಧಿಕಾರಿ ಕನ್ನಡಕ ತೆಗೆದರು. ವರದಿ ಮಾಡಿದವರು ತಮ್ಮ ಕಾಗದಗಳನ್ನು ತಿರುವತೊಡಗಿದರು. ತಾತ ಮುಂದುವರಿಸಿದರು. ಬಿಸಿಲಾಗ ಬಂದಿದ್ದ ತಮ್ಮನದು ತಪ್ಪಿಲ್ಲ, ಅವನು ಜಾಗ ಕೇಳಿದ, ತೋರಿಸಿದವ ನಾನು, ನನ್ನ ತಪ್ಪು ಊರಿಗೆ ಹತ್ತಬಾರದು, ಇನ್ನೊಮ್ಮೆ ಅಳೀರಿ ಎಂದರು. ಮೈಕನ್ನು ನನ್ನ ಕೈಗೆ ಕೊಟ್ಟು ಕೂತರು. ನಾನು ಎಂಟು ಪುಟ ಹಿಡಿದು ನಿಂತಿದ್ದೆ. ಒಂದನ್ನೂ ಓದಲಿಲ್ಲ. ಹಾಗೇ ಕೊಟ್ಟೆ.

ಮನೆಗೆ ಹೋಗುವಾಗ ಕೇಳಿದರು, "ಎಲ್ಲಾರೂ ನಕ್ಕರೇನು?"

"ನಕ್ಕರು."

"ಭಾಳ?"

"ಸ್ವಲ್ಪ."

"ಸುಳ್ಳು ಹೇಳ್ಬ್ಯಾಡ್ರಿ. ನೆಲ ಅಳ್ಳಾಡಿತ್ತು" ಎಂದರು.

ಮತ್ತೆ ಅಳೆಯಲು ಆದೇಶವಾಯಿತು. ಈ ಸಲ ಉಪಕರಣವನ್ನು ತಾತನ ಮನೆಯ ಹಿತ್ತಲಿನಲ್ಲೇ ಇಟ್ಟರು. ಕೋತಿ ಕಾಯಲು ಓಣಿಯ ಹೆಂಗಸರು ಪಾಳಿ ಹಾಕಿಕೊಂಡರು. ಗಿರಣಿ ಅಕ್ಕ ಬಂದು, "ಇವತ್ತು ಗಿರಣಿ ಬಂದ್ ಮಾಡ್ತೀನಿ ತಾತ. ಒಂದು ಸೂಜಿ ಬಿದ್ರೂ ಕೇಳ್ಬೇಕು, ಹಂಗಿರ್ತೈತಿ ನೋಡು" ಎಂದರು. ನನಗೂ ಅದೇ ಸರಿ ಎನ್ನಿಸಿತ್ತು.

ಅಕ್ಕ ಕಿವಿಯ ಹತ್ತಿರ ಬಂದು ಕೂಗಿದ್ದರಿಂದ ತಾತನಿಗೆ ಪೂರ್ತಿ ಕೇಳಿಸಿತು. "ಇಲ್ಲ. ದಿನಾ ಹೆಂಗ ಓಡ್ಸ್ತೀಯೋ ಹಂಗ ಓಡ್ಸು. ಬಂದ್ ಮಾಡಿದ್ರ ಅದೂ ಗಿರಣಿ ಮ್ಯಾಲ ಇಟ್ಟಂಗ ಆತು."

ಗಿರಣಿ ಎಂದಿನಂತೆ ಓಡಿತು, ಎಂದಿನಂತೆ ನಿಂತಿತು. ನಾಯಿಗಳು ಬೊಗಳಿದವು. ಎರಡನೆಯ ಸಲದ ಅಂಕಿಗಳು ಮೊದಲಿನವುಗಳಿಗಿಂತ ಎಷ್ಟೋ ಕಡಿಮೆ ಬಂದವು.

ಎರಡು ಮಳೆಗಾಲ ಕಳೆದ ಮೇಲೆ ಸುದ್ದಿ ಬಂತು. ನಿಲ್ದಾಣ ನಮ್ಮ ಬಯಲಿಗೆ ಬರುವುದಿಲ್ಲ, ಗುಡ್ಡದ ಆಚೆಗೆ ಹೋಗುತ್ತದೆ. ಕಾರಣಗಳ ಪಟ್ಟಿ ಉದ್ದವಿತ್ತು. ಬಂಡೆ, ಹಕ್ಕಿ, ಗಾಳಿಯ ದಿಕ್ಕು, ನಡುವೆ ಎಲ್ಲೋ ಒಂದು ಕಡೆ ಸದ್ದು. ತಾತನ ಮಾತಿನಿಂದಲೇ ಆಯಿತು ಎಂದು ಊರವರು ಇವತ್ತಿಗೂ ಹೇಳುತ್ತಾರೆ. ನಾನು ಹೇಳುವುದಿಲ್ಲ. ಆ ಮಾತಿಲ್ಲದಿದ್ದರೂ ಆಗುತ್ತಿತ್ತೇನೋ. ಆದರೆ ಸುದ್ದಿ ಓದಿದ ಬೆಳಿಗ್ಗೆ ನನ್ನ ಎದೆಯಿಂದ ಒಂದು ಚೀಲ ಇಳಿದ ಹಾಗಾದದ್ದರಲ್ಲಿ ಅನುಮಾನವಿಲ್ಲ. ಗಿರಣಿ ಅಕ್ಕ ಓಣಿಗೆಲ್ಲ ಸಕ್ಕರೆ ಹಂಚಿದರು, ಹಿಟ್ಟಿನ ಕೈಯಲ್ಲೇ.

ತಾತ ಕೇಳಿದ್ದು ಒಂದೇ ಪ್ರಶ್ನೆ. "ಗುಡ್ಡದ ಆ ಕಡಿ ಯಾರದಾರ?"

ನನಗೆ ಗೊತ್ತಿರಲಿಲ್ಲ. ಬೈಕ್ ಹತ್ತಿ ಹೋಗಿ ನೋಡಿ ಬಂದೆ. ಜಾಲಿ ಕಂಟಿ, ಕಲ್ಲು, ದೂರದಲ್ಲಿ ಒಂದು ಕುರಿಹಟ್ಟಿ. ಊರು ಎಂಬುದು ಹತ್ತಿರದಲ್ಲಿ ಇಲ್ಲ. ಹೇಳಿದೆ. "ಕುರಿಯವರೂ ಮಾತಾಡ್ತಾರಲ್ಲ" ಎಂದರು. "ಅಲ್ಲಿ ಎಲ್ಲಿ ಇಟ್ಟು ಅಳೀತಾರ, ಒಂದು ಕಾಗದ ಬರದು ಕೇಳ್ರಿ." ಬರೆದು ಕೇಳಿದೆ. ಉತ್ತರ ಬಂತು. ಹಟ್ಟಿಯ ಬದಿಯಲ್ಲೇ ಇಟ್ಟಿದ್ದರು.

ಆಮೇಲಿಂದ ನನಗೆ ಒಂದು ಚಟ ಅಂಟಿಕೊಂಡಿದೆ. ಯಾವ ಅಂಕಿ ಕಂಡರೂ, ಎಲ್ಲಿ ನಿಂತು ಅಳೆದದ್ದು ಎಂದು ಮೊದಲು ನೋಡುತ್ತೇನೆ. ತರಗತಿಯಲ್ಲಿ ಮಕ್ಕಳಿಗೂ ಇದನ್ನೇ ಹೇಳುತ್ತೇನೆ, ಯಾರಿಂದ ಕಲಿತದ್ದು ಎಂಬುದನ್ನೂ ಸೇರಿಸಿ. ನನ್ನ ನೆನಪಿಗೂ ಇದೇ ಪ್ರಶ್ನೆ ಹಾಕುತ್ತೇನೆ. ಅವರು ತೀರಿಕೊಂಡ ಮೇಲೆ ಬರೆಯುತ್ತಿರುವ ಇದೆಲ್ಲವೂ ಎಷ್ಟರಮಟ್ಟಿಗೆ ಗಿರಣಿಯ ಮೇಲೆ ಇಟ್ಟದ್ದೋ ನನಗೆ ತಿಳಿಯದು.

ಅವರು ಹೋದದ್ದು ಯುಗಾದಿಗೆ ಇನ್ನೂ ಕೆಲವು ದಿನ ಇರುವಾಗ, ಒಂದು ಮಧ್ಯಾಹ್ನ. ನಾನು ಕಾಲೇಜಿನಲ್ಲಿದ್ದೆ. ಬರುವ ಹೊತ್ತಿಗೆ ಮಗಳು, ಅಳಿಯ, ಓಣಿಯವರೆಲ್ಲ ಸೇರಿದ್ದರು. ಗಿರಣಿ ನಿಂತಿತ್ತು. ಅವತ್ತು ಬೆಳಗಿನಿಂದಲೇ ಓಡಿರಲಿಲ್ಲವಂತೆ. ಅವ್ವ ತಾತನ ಬಲಗಡೆಯೇ ಕೂತಿದ್ದರು. ನನ್ನನ್ನು ಕಂಡು ಹತ್ತಿರ ಕರೆದರು. ಅವರ ದನಿ ಕೇಳಲು ನಾನು ಮೊಣಕಾಲೂರಿ ಬಾಗಬೇಕಾಯಿತು.

"ಸೆಕಿ ಭಾಳ ಇತ್ತಪ್ಪ. ಬೆವತಿದ್ರು. ಫ್ಯಾನ್ ಹಾಕ್ಲೇನ್ರಿ ಅಂದೆ."

ತಲೆ ಎತ್ತಿ, ನಿಂತೇ ಇದ್ದ ಫ್ಯಾನನ್ನು ಒಮ್ಮೆ ನೋಡಿದರು.

"ಬ್ಯಾಡ, ಅದರ ಸದ್ದಿನಾಗ ನಿನ್ ಮಾತು ಕೇಳಲ್ಲ, ನೀ ಮಾತಾಡು ಅಂದ್ರು. ಮಾತಾಡಿಕೋಂತ ಕುಂತೆ." ಸೆರಗಿನಿಂದ ಅವರ ಹಣೆ ಒರೆಸಿದರು. "ಕೊನಿತನಕ ಹೌದು ಅನ್ಲೇ ಇಲ್ಲ."